ಕೌಶಿಕನ ಸತ್ಯಕ್ಕೆ ಬೆಲೆ ತೆತ್ತವರು ಯಾರು?

ಮಹಾಭಾರತದ ಕರ್ಣಪರ್ವದಲ್ಲಿ, ಯುದ್ಧ ಇನ್ನೇನು ಮುಗಿಯಬೇಕು ಎನ್ನುವ ಹೊತ್ತಿಗೆ, ಪಾಂಡವರ ಬಿಡಾರದೊಳಗೇ ಕತ್ತಿ ಹೊರಬರುತ್ತದೆ. ಕರ್ಣನಿಂದ ಪೆಟ್ಟು ತಿಂದು ಮಲಗಿದ್ದ ಯುಧಿಷ್ಠಿರನನ್ನು ನೋಡಲು ಅರ್ಜುನ ಬರುತ್ತಾನೆ. ತಮ್ಮ ಕರ್ಣನನ್ನು ಕೊಂದೇ ಬಂದಿದ್ದಾನೆಂದು ನಂಬಿದ್ದ ಅಣ್ಣನಿಗೆ ನಿಜ ತಿಳಿದಾಗ ಸಿಟ್ಟು ನೆತ್ತಿಗೇರುತ್ತದೆ. ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡು ಎನ್ನುತ್ತಾನೆ. ಹಾಗೆ ಹೇಳಿದವರ ತಲೆ ಕಡಿಯುವೆನೆಂದು ಅರ್ಜುನ ಹಿಂದೆಯೇ ಗುಟ್ಟಾಗಿ ಶಪಥ ಮಾಡಿಕೊಂಡಿದ್ದ. ಈಗ ಶಪಥ ಉಳಿಸಿಕೊಳ್ಳಲು ಅಣ್ಣನನ್ನೇ ಕೊಲ್ಲಹೊರಡುತ್ತಾನೆ.

ಅವನನ್ನು ತಡೆದ ಕೃಷ್ಣ ಹೇಳುವ ಕತೆಗಳಲ್ಲಿ ಒಂದು ಕೌಶಿಕನದು. ಕೌಶಿಕ ಊರಿನಿಂದಾಚೆ ನದಿಗಳು ಕೂಡುವಲ್ಲಿ ವಾಸವಾಗಿದ್ದ ಬ್ರಾಹ್ಮಣ. ಹೆಚ್ಚೇನೂ ಓದಿದವನಲ್ಲ. ಸದಾ ನಿಜವನ್ನೇ ಹೇಳಬೇಕೆಂಬ ವ್ರತ ಹಿಡಿದು ಅದರಿಂದ ಹೆಸರು ಗಳಿಸಿದ್ದ. ಒಂದು ದಿನ ದರೋಡೆಕೋರರಿಗೆ ಹೆದರಿ ಕೆಲವರು ಹತ್ತಿರದ ಕಾಡು ಹೊಕ್ಕರು. ಬೆನ್ನಟ್ಟಿ ಬಂದವರು ಕೌಶಿಕನ ಸತ್ಯವನ್ನೇ ಮುಂದಿಟ್ಟು, ಅವರು ಯಾವ ದಾರಿ ಹಿಡಿದರು ಎಂದು ಕೇಳಿದರು. ಅವನು ಕಾಡನ್ನು ತೋರಿಸಿದ. ಅವಿತವರು ಹತರಾದರು, ಕೌಶಿಕ ನರಕ ಸೇರಿದ.

1797ರಲ್ಲಿ ಇಮ್ಯಾನುಯೆಲ್ ಕಾಂಟ್ ಇಂಥದೇ ಸಂದರ್ಭವನ್ನು ಚರ್ಚಿಸಿ ಉಲ್ಟಾ ತೀರ್ಮಾನ ಕೊಟ್ಟ: ಕೊಲೆಗಡುಕನೇ ಬಾಗಿಲಿಗೆ ಬಂದು ಗೆಳೆಯ ಎಲ್ಲಿ ಎಂದು ಕೇಳಿದರೂ ಸುಳ್ಳು ಹೇಳಬಾರದು. ಮಹಾಭಾರತದ ಧರ್ಮಸಂಕಟಗಳ ಬಗ್ಗೆ 1989ರಲ್ಲಿ ಸಂಕಲನವೊಂದನ್ನು ತಂದ ಬಿಮಲ್ ಕೃಷ್ಣ ಮತಿಲಾಲ್ ಈ ಇಬ್ಬರನ್ನೂ ಎದುರುಬದುರು ಇಟ್ಟು ನೋಡಿದ್ದಾರೆ. ಅಲ್ಲಿಂದೀಚೆಗೆ ಸೆಮಿನಾರುಗಳಲ್ಲಿ ಈ ಕತೆ ಬಂದಾಗಲೆಲ್ಲ ಚರ್ಚೆ ಒಂದೇ ಪ್ರಶ್ನೆಯ ಸುತ್ತ ಸುತ್ತುವುದನ್ನು ನಾನು ಕಂಡಿದ್ದೇನೆ: ಸುಳ್ಳು ಹೇಳಬಹುದೇ, ಬಾರದೇ? ನನ್ನನ್ನು ಕಾಡುವ ಪ್ರಶ್ನೆ ಬೇರೆ. ಹೇಳಿದ ಮಾತಿಗೆ ಬೆಲೆ ತೆತ್ತವರು ಯಾರು?

ಕನ್ನಡದಲ್ಲಿ ಬೆಳೆದವರಿಗೆ ಸತ್ಯವೆಂದರೆ ಮೊದಲು ನೆನಪಾಗುವುದು ಪುಣ್ಯಕೋಟಿ. ಹುಲಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಅವಳು ತಿರುಗಿ ಬರುತ್ತಾಳೆ, ಬರುವ ಮುಂಚೆ ಕರುವನ್ನು ಉಳಿದ ಹಸುಗಳ ಕೈಗೆ ಒಪ್ಪಿಸುತ್ತಾಳೆ. ಅವಳು ಪಣಕ್ಕಿಟ್ಟದ್ದು ತನ್ನ ಜೀವವನ್ನು. ಕೌಶಿಕನ ವ್ರತಕ್ಕೆ ಜೀವ ಕೊಟ್ಟವರಾದರೋ ಕಾಡಿನಲ್ಲಿ ಅವಿತಿದ್ದವರು. ಅವರನ್ನು ಯಾರೂ ಕೇಳಲಿಲ್ಲ. ಇಬ್ಬರೂ ಆಡಿದ್ದು ನಿಜವನ್ನೇ, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನಿಂದಾಗದು.

ಇದನ್ನು ನಮ್ಮ ಕಾಲಕ್ಕೆ ತಂದು ನೋಡೋಣ. ಜಾತಿ ಮೀರಿ ಮದುವೆಯಾದ ಜೋಡಿಯೊಂದು ಮನೆಯವರಿಗೆ ಹೆದರಿ ಊರು ಬಿಟ್ಟಿದೆ ಎನ್ನಿ. ಹುಡುಗಿಯ ಕಡೆಯವರು ಅವಳ ಗೆಳತಿಯನ್ನು ಹುಡುಕಿಕೊಂಡು ಹಾಸ್ಟೆಲಿಗೆ ಬರುತ್ತಾರೆ. 'ನೀನು ಸುಳ್ಳು ಹೇಳೋಳಲ್ಲ ಅಂತ ಗೊತ್ತು, ಎಲ್ಲಿದ್ದಾರೆ ಹೇಳಮ್ಮ' ಎನ್ನುತ್ತಾರೆ. ಕೌಶಿಕನಿಗೆ ಬೀಸಿದ ಬಲೆಯೇ ಇದು. ಒಳ್ಳೆಯವರೆಂಬ ಹೆಸರನ್ನೇ ಹಿಡಿದು ಎಳೆಯುವುದು. ಇಂಥ ಜೋಡಿಗಳ ಅಪಾಯ ಕಲ್ಪನೆಯದಲ್ಲ. 2018ರ ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇವರಿಗಾಗಿ ಜಿಲ್ಲಾ ಕೇಂದ್ರಗಳಲ್ಲಿ ಸುರಕ್ಷಿತ ವಸತಿ ಕಲ್ಪಿಸುವುದನ್ನು ರಾಜ್ಯ ಸರ್ಕಾರಗಳು ಪರಿಶೀಲಿಸಬೇಕು ಎಂದಿತು. ಅಂಥ ವಸತಿ ಸುರಕ್ಷಿತವಾಗಿರುವುದು ವಿಳಾಸ ತಿಳಿದವರು ಬಾಯಿ ಬಿಡದಿದ್ದರೆ ಮಾತ್ರ.

ಕೃಷ್ಣನೂ ಮೊದಲು ಹೇಳುವುದು ಮೌನವನ್ನೇ. ಸುಮ್ಮನಿದ್ದು ಪಾರಾಗಬಹುದಾದರೆ ಬಾಯಿ ತೆರೆಯಬೇಡ. ಮಾತಾಡಲೇಬೇಕಾಗಿ ಬಂದರೆ, ಅಥವಾ ಸುಮ್ಮನಿದ್ದರೇ ಅನುಮಾನ ಹುಟ್ಟುವುದಾದರೆ, ಆಗ ಸುಳ್ಳೇ ಮೇಲು. ಈ ಕ್ರಮವನ್ನು ಬಿಟ್ಟು ಓದಿದರೆ ಕತೆ ಸುಳ್ಳಿಗೆ ಕೊಟ್ಟ ಪರವಾನಗಿಯಂತೆ ಕಾಣುತ್ತದೆ.

ಹಾಗೆ ಕಾಣಲು ಇನ್ನೊಂದು ಕಾರಣವೂ ಇದೆ. ಈ ಕತೆ ಬರುವುದು ದ್ರೋಣ ಸತ್ತ ಮೇಲೆ. ಅಶ್ವತ್ಥಾಮನ ಸಾವಿನ ಸುಳ್ಳನ್ನು ಯುಧಿಷ್ಠಿರನ ಬಾಯಲ್ಲಿ ಹೇಳಿಸಿದವರಲ್ಲಿ ಕೃಷ್ಣನೇ ಮುಖ್ಯ. ಕೌಶಿಕನ ಕತೆ ಆ ಸುಳ್ಳಿಗೆ ಹಚ್ಚಿದ ಬಣ್ಣವೇ ಎಂದು ಯಾರಾದರೂ ಕೇಳಿದರೆ, ಅದು ಕುಹಕವೆಂದು ನಾನು ತಳ್ಳಿಹಾಕಲಾರೆ. ಆದರೆ ಕಾವ್ಯ ತನ್ನ ನಾಯಕರಿಗೂ ರಿಯಾಯಿತಿ ಕೊಡುವುದಿಲ್ಲ. ನೆಲದಿಂದ ನಾಲ್ಕು ಬೆರಳು ಮೇಲಿದ್ದ ಯುಧಿಷ್ಠಿರನ ರಥ ಅಂದೇ ಮಣ್ಣಿಗೆ ತಾಗುತ್ತದೆ. ಕೊನೆಯಲ್ಲಿ ಅವನಿಗೆ ನರಕದರ್ಶನವೂ ಆಗುತ್ತದೆ. ದ್ರೋಣನಿಗೆ ಮಾಡಿದ ಮೋಸಕ್ಕೆ ಇದು ಎಂದು ಇಂದ್ರನೇ ಹೇಳುತ್ತಾನೆ. ನಿಜ ಹೇಳಿದವನಿಗೂ ನರಕ, ಸುಳ್ಳು ಹೇಳಿದವನಿಗೂ ನರಕ. ಎರಡು ಕಡೆಯೂ ಮಾತನ್ನು ನಂಬಿದವರು ಬದುಕಿದರು ಅಥವಾ ಸತ್ತರು ಎಂಬ ಲೆಕ್ಕಕ್ಕಿಂತ, ಆಡಿದವರಿಗೆ ಏನು ಉಳಿಯಿತು ಎಂದು ನೋಡಿ: ಒಬ್ಬ ಉಳಿಸಿಕೊಂಡದ್ದು ತನ್ನ ವ್ರತ, ಇನ್ನೊಬ್ಬ ಗಳಿಸಿದ್ದು ಗೆಲುವು. ಬೆಲೆ ಬಿದ್ದದ್ದು ಬೇರೆಯವರ ಮೇಲೆ.

ಅರ್ಜುನನ ಶಪಥಕ್ಕೂ ಒಂದು ದಾರಿ ಸಿಗುತ್ತದೆ. ಹಿರಿಯರನ್ನು 'ನೀನು' ಎಂದು ಕರೆದರೆ ಕೊಂದಂತೆಯೇ ಎನ್ನುತ್ತಾನೆ ಕೃಷ್ಣ. ಏಕವಚನದ ಪೆಟ್ಟು ಎಂಥದೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಅರ್ಜುನ ಅಣ್ಣನ ಜೂಜನ್ನೆಲ್ಲ ಎತ್ತಿ ಹಂಗಿಸುತ್ತಾನೆ, ಮರುಗಳಿಗೆಯೇ ನಾಚಿ ತನ್ನನ್ನೇ ಇರಿದುಕೊಳ್ಳಲು ಕತ್ತಿ ಹಿರಿಯುತ್ತಾನೆ. ಯುಧಿಷ್ಠಿರ ನೊಂದು ಕಾಡಿಗೆ ಹೊರಟುನಿಲ್ಲುತ್ತಾನೆ. ಜೀವ ಉಳಿಸಿದ ಉಪಾಯವೂ ಗಾಯ ಮಾಡದೆ ಬಿಡಲಿಲ್ಲ.

ಧರ್ಮಸಂಕಟದಿಂದ ಕೈ ಕೊಳೆಯಾಗದೆ ಹೊರಬರುವ ಉಪಾಯವನ್ನು ಈ ಕಾವ್ಯದಲ್ಲಿ ಹುಡುಕುವುದನ್ನು ನಾನು ಬಿಟ್ಟಿದ್ದೇನೆ. ಹಾಸ್ಟೆಲಿನ ಆ ಹುಡುಗಿ ಸುಳ್ಳು ಹೇಳಿ ಬಂದವರನ್ನು ಸಾಗಹಾಕಿದಳು ಎಂದುಕೊಳ್ಳೋಣ. ಅವಳಿಗೂ ಅಂದು ರಾತ್ರಿ ನಿದ್ದೆ ಹತ್ತದಿರಬಹುದು. ಆದರೆ ಆ ಬೆಲೆಯನ್ನು ತೆರುತ್ತಿರುವವಳು ಅವಳೇ.