ಗೋಡೆಯ ಗೆರೆ, ಗಂಟಲಿನ ಹಾಡು

ಸಂಗೀತದಿಂದ ಚಿತ್ರ ಹುಟ್ಟುವುದೆಂದರೆ ಅದು ದೊಡ್ಡ ಕಲಾವಿದರಿಗೆ ಮಾತ್ರ ಒಲಿಯುವ ಅನುಭವ ಎಂಬ ನಂಬಿಕೆ ನಮ್ಮ ಕಲಾವಿಮರ್ಶೆಯಲ್ಲಿ ಬೇರುಬಿಟ್ಟಿದೆ. ಇದಕ್ಕೆ ಪಶ್ಚಿಮದಿಂದ ಪಿಟೀಲು ನುಡಿಸುತ್ತಿದ್ದ ಪಾಲ್ ಕ್ಲೀಯನ್ನು ತರುತ್ತಾರೆ, ನಮ್ಮಲ್ಲಿಂದ ಕೆ.ಕೆ. ಹೆಬ್ಬಾರರನ್ನು.

ಹೆಬ್ಬಾರರನ್ನು ನಾವು ಸಣ್ಣವರನ್ನಾಗಿ ಮಾಡುತ್ತಿಲ್ಲ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಅವರು ಲಯವನ್ನು ತಿಳಿಯಲೆಂದೇ ಎರಡು ವರ್ಷ ಕಥಕ್ ಕಲಿತರು. ಅವರ ರೇಖಾಚಿತ್ರಗಳ ಪುಸ್ತಕಕ್ಕೆ ‘ಸಿಂಗಿಂಗ್ ಲೈನ್’, ಅಂದರೆ ಹಾಡುವ ಗೆರೆ, ಎಂದೇ ಹೆಸರು. ಗೆರೆ ಎಲ್ಲಿ ಓಡಬೇಕು, ಎಲ್ಲಿ ತಿರುಗಬೇಕು ಅನ್ನೋದನ್ನು ಅಲ್ಲಿ ತಾಳವೇ ಹೇಳುತ್ತದೆ. ಮೈಗೆ ಲಯ ಇಳಿಯದೆ ಕೈಗೆ ಗೆರೆ ಬರೋದಿಲ್ಲ ಎಂಬುದಕ್ಕೆ ಆ ಕಲಿಕೆಯೇ ಸಾಕ್ಷಿ.

ನಮ್ಮ ಪ್ರಶ್ನೆ ಇಷ್ಟೇ: ಈ ಸತ್ಯ ಮೊದಲು ಯಾರ ಮನೆಯಲ್ಲಿತ್ತು?

ಭಟ್ಕಳ, ಹೊನ್ನಾವರ, ಕುಮಟಾದ ನಾಮಧಾರಿಗಳೂ ಘಟ್ಟದ ಮೇಲಿನ ಸಾಗರ ಸೀಮೆಯ ದೀವರೂ ಒಂದೇ ಬಳ್ಳಿಯವರು. ದೀವರ ಮನೆಯ ಮದುವೆಗೆ ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಹಸೆ ಚಿತ್ತಾರ ಬರೀತಾರೆ. ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಕೈ ಬರೆಯುತ್ತಿದ್ದರೆ ಬಾಯಲ್ಲಿ ಹಾಡು.

ಈ ಹಾಡನ್ನು ಬೇಸರ ಕಳೆಯುವ ಹಾಡೆಂದು ಪಕ್ಕಕ್ಕಿಡುವವರಿದ್ದಾರೆ. ನಾವು ಒಪ್ಪುವುದಿಲ್ಲ. ಹಸೆಯನ್ನು ಕಣ್ಣಿಟ್ಟು ನೋಡಿ: ಎಳೆಯ ಪಕ್ಕದಲ್ಲಿ ಎಳೆ, ಪಲ್ಲವಿ ಮರಳಿ ಬಂದ ಹಾಗೆ ಅದೇ ಗೆರೆ ಮರಳಿ ಬರುತ್ತದೆ. ಒಂದು ಗೋಡೆಗೆ ನಾಲ್ಕು ಕೈ ಹತ್ತಿದರೂ ನಡೆ ಒಂದೇ ಆಗೋದು ಹಾಡಿನಿಂದ. ಪುಸ್ತಕ, ಅಳತೆಪಟ್ಟಿ ಇಲ್ಲದ ಮನೆಯಲ್ಲಿ ಹಾಡೇ ಅಳತೆ, ಹಾಡೇ ನೆನಪು. ನಟ್ಟಿ ಗದ್ದೆಯಲ್ಲಿ ಹಾಡಿಗೆ ಸರಿಯಾಗಿ ಸಸಿ ಊರಿದ ಕೈಯೇ ಗೋಡೆಯ ಮೇಲೂ ಚುಕ್ಕಿ ಇಟ್ಟಿದೆ. ಇಲ್ಲಿ ಸಂಗೀತ ಚಿತ್ರಕ್ಕೆ ‘ಸ್ಫೂರ್ತಿ’ ಕೊಡುವ ಹೊರಗಿನ ಅತಿಥಿಯಲ್ಲ. ದುಡಿಮೆ, ಹಾಡು, ಗೆರೆ ಮೂರೂ ಒಂದೇ ಮೈಯವು.

ಆದರೆ ಹಸೆ ಪಟ್ಟಣಕ್ಕೆ ಹೋದಾಗ ಏನಾಯಿತು? ಗೋಡೆ ಬಿಟ್ಟು ಬಟ್ಟೆ, ಕಾಗದದ ಮೇಲೆ ಇಳಿಯಿತು. ಚೌಕಟ್ಟು ಬಂತು, ಬೆಲೆ ಬಂತು. ಹಾಡು ಹಿಂದೆಯೇ ಉಳಿಯಿತು. ಕುಮಟಾದ ಪಕ್ಕದ ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಅವರು ತೀರಿಕೊಂಡರು. ಒಂದು ಗಂಟಲಿಗೆ ಹೆಸರು ಸಿಕ್ಕಿತು, ಸಂತೋಷ. ಹಾಡುತ್ತ ಗೋಡೆ ಬರೆದ ಸಾವಿರ ಕೈಗಳು ಮಾತ್ರ ಇಂದಿಗೂ ‘ಜನಪದ’ ಎಂಬ ಒಂದೇ ಮೂಟೆಯಲ್ಲಿವೆ.

ಇನ್ನೊಂದು ಮಾತು. ಯಕ್ಷಗಾನದ ಚಂಡೆ, ಮದ್ದಳೆ, ಹಾಲಕ್ಕಿಗಳ ಗುಮಟೆ, ನಮ್ಮ ಕೇರಿಯ ತಮಟೆ ಎಲ್ಲವೂ ನುಡಿಯೋದು ಚರ್ಮದಿಂದ. ಚರ್ಮ ಹದ ಮಾಡಿದ ಕೈಯನ್ನು ಊರಾಚೆ ಇಟ್ಟು ನಾದವನ್ನಷ್ಟೇ ದೇವಸ್ಥಾನದೊಳಗೆ ಕರೆದುಕೊಂಡ ಸಮಾಜ ಇದು. ಹಾಡಿದವಳನ್ನು ಹೊರಗಿಟ್ಟು ಚಿತ್ರವನ್ನಷ್ಟೇ ಗ್ಯಾಲರಿಯೊಳಗೆ ಕರೆದುಕೊಂಡದ್ದೂ ಅದೇ ಬುದ್ಧಿ.

ಮಾಸ್ತರುಗಳೇ, ಅಕ್ಕೋರುಗಳೇ, ಚಿತ್ರಕಲೆಯ ಪಿರಿಯಡ್ಡಿಗೆ ನಿಮ್ಮೂರಿನ ಹಾಡುಗಾರ್ತಿಯನ್ನು ಕರೆಯಿರಿ. ಕುರ್ಚಿ ಕೊಡಿ, ದುಡಿಮೆಗೆ ತಕ್ಕ ಹಣ ಕೊಡಿ. ಮೊದಲು ಹಾಡಿಸಿ, ಆಮೇಲೆ ಮಕ್ಕಳ ಕೈಗೆ ಕುಂಚ ಕೊಡಿ. ಕೊನೆಗೆ ಗೋಡೆಯ ಮೂಲೆಯಲ್ಲಿ ಅವಳ ಹೆಸರು, ಊರು ಬರೆಸಿ. ಅವಳಿಗೆ ಅಕ್ಷರ ಬಾರದಿದ್ದರೆ ಮಕ್ಕಳೇ ಬರೆಯಲಿ. ಹೆಬ್ಬಾರರ ಗೆರೆಯ ಹಾಡು ಕೇಳಿಸಿಕೊಂಡ ವಿಮರ್ಶಕರು ಬಂದು ಆ ಹೆಸರನ್ನೂ ಓದಲಿ.