ಸನ್ನತಿಯ ಕಲ್ಲು ಯಾರಿಗೆ ಮಾತಾಡಬೇಕು?

ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಛಾವಣಿ ಕುಸಿಯಿತು. ಆಗ ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅದು ಅಶೋಕನ ಶಾಸನ, ಭಾಷೆ ಪ್ರಾಕೃತ. ಮೂರ್ತಿಯನ್ನು ನಿಲ್ಲಿಸಲೆಂದು ಯಾವುದೋ ಕಾಲದಲ್ಲಿ ನಡುವೆ ಕೊರೆದ ತೂತು ಹಲವು ಅಕ್ಷರಗಳನ್ನು ನುಂಗಿಬಿಟ್ಟಿತ್ತು. ಕೊರೆದವನನ್ನು ನಾವು ದೂರುವಂತಿಲ್ಲ. ಅವನಿಗೆ ಆ ಲಿಪಿ ಗೊತ್ತಿರಲಿಲ್ಲ. ಓದಲಾಗದ ಅಕ್ಷರ ಬರೀ ಗೀರು.

ಇದನ್ನು ನೆನೆಯಲು ಕಾರಣವಿದೆ. ಸಮೀಪದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಉತ್ಖನನ ನಡೆಸಿ ದೊಡ್ಡ ಬೌದ್ಧ ಸ್ತೂಪವೊಂದನ್ನು ಬೆಳಕಿಗೆ ತಂದಿತು. ಕೆ.ಪಿ. ಪೂಣಚ್ಚ ಅವರು ಸಿದ್ಧಪಡಿಸಿದ ವರದಿ ಅಚ್ಚಾದದ್ದು 2011ರಲ್ಲಿ. ಅಲ್ಲಿನ ಬರಹಗಳನ್ನು ಮಾಯಿಕೊ ನಕಾನಿಶಿ ಮತ್ತು ಓಸ್ಕರ್ ಫಾನ್ ಹಿನ್ಯೂಬರ್ ಅವರು 2014ರಲ್ಲಿ ಟೋಕಿಯೊದಿಂದ ಪ್ರಕಟಿಸಿದರು. ಎರಡೂ ಶ್ರಮದ ಕೆಲಸಗಳು. ಒಡೆದ ಒಂದು ಚೂರನ್ನೂ ಬಿಡದೆ ಗುರುತಿಸಿದವರ ತಾಳ್ಮೆಗೆ ನಾವು ತಲೆಬಾಗುತ್ತೇವೆ. ಆದರೆ ಎರಡೂ ಇಂಗ್ಲಿಷಿನಲ್ಲಿವೆ, ಎರಡೂ ವಿದ್ವಾಂಸರು ವಿದ್ವಾಂಸರಿಗಾಗಿ ಬರೆದಂಥವು. ಚಿತ್ತಾಪುರದ ಶಾಲೆಯ ಮೇಷ್ಟ್ರಿಗೆ, ವಾಡಿಯ ಸಿಮೆಂಟ್ ಕಾರ್ಖಾನೆಯ ಕಾರ್ಮಿಕನಿಗೆ, ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವವನಿಗೆ ಅವು ಆ ಚಪ್ಪಡಿಯಷ್ಟೇ ಮೌನ.

ಈಗ ಅಂತರ್ಜಾಲವಿದೆಯಲ್ಲ ಎನ್ನಬಹುದು. ಇದೆ. ಹಳೆಯ ವರದಿಗಳು ಸ್ಕ್ಯಾನ್ ಆಗಿ ಅಲ್ಲಿಗೆ ಬಂದಿವೆ. ಕಪಾಟಿನಲ್ಲಿದ್ದ ಪುಸ್ತಕ ಪರದೆಗೆ ಬಂದ ಮಾತ್ರಕ್ಕೆ ಜನರಿಗೆ ತಲುಪಿತೆಂದು ಭಾವಿಸುವುದೇ ಇಂದಿನ ದೊಡ್ಡ ತಪ್ಪು. ಬಾಗಿಲು ತೆರೆದಿಡುವುದು ಬೇರೆ, ಬಂದವರನ್ನು ಕರೆದು ಕೂರಿಸಿ ಮಾತಾಡಿಸುವುದು ಬೇರೆ.

ತಜ್ಞರು ಮಾತಾಡದ ಜಾಗದಲ್ಲಿ ಬೇರೆಯವರು ಮಾತಾಡುತ್ತಾರೆ. ಕನಗನಹಳ್ಳಿಯಲ್ಲಿ ರಾಜ, ರಾಣಿ ಮತ್ತು ಪರಿಚಾರಕಿಯರ ಒಂದು ಫಲಕವಿದೆ. ಅದರ ಮೇಲೆ ‘ರಾಯಾ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಕೊರೆದಿದೆ. ಮೊಬೈಲಿನಲ್ಲಿ ಅದು ‘ಅಶೋಕನ ನಿಜವಾದ ಚಿತ್ರ’ ಎಂಬ ಹೆಸರಿನಲ್ಲಿ ಓಡಾಡುತ್ತದೆ. ಆ ಫಲಕ ಅಶೋಕ ಗತಿಸಿ ಶತಮಾನಗಳು ಕಳೆದ ಮೇಲೆ, ಶಾತವಾಹನರ ಕಾಲದ್ದು. ಕಲ್ಲುಕುಟಿಗ ಅಶೋಕನನ್ನು ಕಂಡವನಲ್ಲ. ಹಾಗೆಂದು ಫಲಕದ ಬೆಲೆ ಕುಂದುವುದಿಲ್ಲ. ಅಷ್ಟು ಕಾಲದ ನಂತರವೂ ಈ ನಾಡಿನವರು ಆ ಅರಸನನ್ನು ಹೆಸರಿಟ್ಟು ನೆನೆಯುತ್ತಿದ್ದರೆಂಬುದು ಇನ್ನೂ ದೊಡ್ಡ ಸಂಗತಿ. ಆದರೆ ಇದನ್ನು ಹೇಳಬೇಕಾದವರು ಹೇಳದಿದ್ದರೆ ಸುಳ್ಳೇ ಸುಲಭವಾಗಿ ಊರು ಸುತ್ತುತ್ತದೆ.

ಹೇಗೆ ಹೇಳಬೇಕು? ಇದಕ್ಕೆ ನಾವು ದೂರ ಹೋಗಬೇಕಿಲ್ಲ, ಸನ್ನತಿಯ ಕಲ್ಲನ್ನೇ ಕೇಳಬಹುದು. ಅದರ ಮೇಲಿರುವುದು ಅಶೋಕನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಪ್ರತ್ಯೇಕ ಶಾಸನಗಳ ಪಾಠ ಒಡಿಶಾದ ಧೌಲಿ, ಜೌಗಡಗಳಲ್ಲಿ ಹೆಚ್ಚು ಉಳಿದಿದೆ. ಗೊತ್ತಾದ ದಿನಗಳಲ್ಲಿ ಇದನ್ನು ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಕೇಳಿಸಬೇಕು ಎಂಬುದು ಅಲ್ಲಿನ ಆದೇಶ. ಕೊರೆಸಿದರೆ ಸಾಲದು, ಕಿವಿಗೆ ಬೀಳಬೇಕೆಂದು ಆ ಅರಸನಿಗೆ ತಿಳಿದಿತ್ತು. ಹದಿನಾಲ್ಕನೆಯ ಶಾಸನದ ವಿಚಾರ ಇನ್ನೂ ಕುತೂಹಲದ್ದು. ಕೆಲವೆಡೆ ಚಿಕ್ಕದಾಗಿ, ಕೆಲವೆಡೆ ವಿಸ್ತಾರವಾಗಿ ಬರೆಸಿರುವುದನ್ನೂ, ಮುಖ್ಯ ವಿಷಯವನ್ನು ಮತ್ತೆ ಮತ್ತೆ ಹೇಳಿರುವುದನ್ನೂ, ಲಿಪಿಕಾರರಿಂದ ತಪ್ಪು ನುಸುಳಿರಬಹುದೆಂಬುದನ್ನೂ ಅದು ಒಪ್ಪಿಕೊಳ್ಳುತ್ತದೆ. ಸಂಶೋಧಕರು ಜನರೊಡನೆ ಮಾತಾಡಲು ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಅಶೋಕನೂ ಪೂರ್ತಿ ಗೆದ್ದನೆಂದು ನಾವು ಹೇಳುವುದಿಲ್ಲ. ಕಂದಹಾರದಲ್ಲಿ ಗ್ರೀಕ್, ಅರಮಾಯಿಕ್ ಭಾಷೆಗಳಲ್ಲಿ ಬರೆಸಿದವನು ಈ ನಾಡಿಗೆ ಪ್ರಾಕೃತವನ್ನೇ ಕಳಿಸಿದ. ಇಲ್ಲಿನವರ ಮಾತಿನಲ್ಲಿ ಅದನ್ನು ಬಿಡಿಸಿ ಹೇಳುವ ಹೊರೆ ಓದುವ ಅಧಿಕಾರಿಯ ಮೇಲೆಯೇ ಬಿದ್ದಿರಬೇಕು. ಇಂದು ಆ ಹೊರೆ ಹೊರುವವರು ಯಾರು?

ಕನ್ನಡದಲ್ಲಿ ಇದಕ್ಕೆ ದಾರಿ ಇಲ್ಲವೆಂದಲ್ಲ. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶಾಸನಪಾಠವನ್ನು ಕನ್ನಡ ಲಿಪಿಯಲ್ಲೂ ಕೊಟ್ಟರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಶಾಸನಗಳಲ್ಲಿ ಬರುವ ಗಿಡಮರಗಳ ಬಗ್ಗೆ ಕನ್ನಡದಲ್ಲೇ ಪುಸ್ತಕ ಬರೆದರು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಜನರ ಮುಂದಿಡುವ ಕೆಲಸ ಶುರುಮಾಡಿತು. ರಾಜಧಾನಿಯ ಸುತ್ತಲಿನ ಕಲ್ಲಿಗೆ ಸಿಕ್ಕ ಭಾಗ್ಯ ಭೀಮೆಯ ದಂಡೆಯ ಕಲ್ಲಿಗೆ ಏಕೆ ಸಿಗಬಾರದು?

ಕನಗನಹಳ್ಳಿಯಲ್ಲಿ ವರ್ಷಗಟ್ಟಲೆ ಮಳೆ ಬಿಸಿಲಿಗೆ ಬಿದ್ದಿದ್ದ ಫಲಕಗಳನ್ನು ಮತ್ತೆ ಜೋಡಿಸುವ ಕೆಲಸವನ್ನು ಇಲಾಖೆ 2022ರ ಹೊತ್ತಿಗೆ ಕೈಗೆತ್ತಿಕೊಂಡಿತು. ಇಂಥ ಕೆಲಸ ನಡೆಯುವಾಗಲೇ ಜನರೊಡನೆ ಮಾತೂ ನಡೆಯಬೇಕು. ನಾವು ಕೇಳುವುದು ಹೆಚ್ಚೇನಲ್ಲ. ಒಂದು ಫಲಕದ ಚಿತ್ರ, ಅದರ ಅಕ್ಷರಗಳು ಕನ್ನಡ ಲಿಪಿಯಲ್ಲಿ, ಅದರ ಅರ್ಥ, ಮತ್ತು ಆ ಅರ್ಥ ಹೇಗೆ ಸಿಕ್ಕಿತೆಂಬ ನಾಲ್ಕು ಮಾತು. ಅಕ್ಷರದ ಆಕಾರ ನೋಡಿ ಕಾಲವನ್ನು ಹೇಗೆ ಊಹಿಸುತ್ತಾರೆ, ಯಾವುದು ಖಚಿತ, ಯಾವುದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಲಿ. ತಪ್ಪಾದರೆ ಅದೇ ಜಾಗದಲ್ಲಿ ತಿದ್ದಲಿ. ಓದುಬಾರದವರಿಗಾಗಿ ಕಲಬುರಗಿ ಕನ್ನಡದಲ್ಲೂ ದಖನಿಯಲ್ಲೂ ಧ್ವನಿ ಮುದ್ರಿಸಲಿ. ಸ್ತೂಪದ ಫಲಕಗಳು ಈ ಸೀಮೆಯ ಸುಣ್ಣಕಲ್ಲಿನವು, ಮನೆಮನೆಗೆ ಹಾಸುವ ಶಹಾಬಾದ್ ಕಲ್ಲಿನ ಬಳಗ. ಆ ಕಲ್ಲಿನ ಪದರವನ್ನು ಬೆರಳಿನಿಂದ ಗುರುತಿಸುವ ಗಣಿಯವನಿಂದ ಸಂಶೋಧಕನೂ ಕಲಿಯುವುದಿದೆ.

ಹನ್ನೆರಡನೆಯ ಶಾಸನದ ತಿರುಳು ಇಷ್ಟು: ತನ್ನ ಮತವನ್ನು ಹೊಗಳಿ ಪರರ ಮತವನ್ನು ಹಳಿಯುವಾಗ ನಾಲಗೆಗೆ ಲಗಾಮಿರಲಿ, ಒಬ್ಬರು ಇನ್ನೊಬ್ಬರ ಧರ್ಮವನ್ನು ಕೇಳಿ ತಿಳಿಯಲಿ. ಬೌದ್ಧ ಅರಸನೊಬ್ಬ ಬರೆಸಿದ ಈ ಮಾತನ್ನು ಹೊತ್ತ ಕಲ್ಲು ಕಾಳಿಯ ಪೀಠವಾಗಿ ಉಳಿದುಬಂತು. ಇಂದು ಮತಮತಗಳ ನಡುವೆ ಸುಳ್ಳು ಇತಿಹಾಸವೇ ಕತ್ತಿಯಾಗುತ್ತಿರುವಾಗ, ಈ ಮಾತು ನಮ್ಮ ಜಿಲ್ಲೆಯ ಮಕ್ಕಳಿಗೆ ಅವರ ಭಾಷೆಯಲ್ಲಿ ಕೇಳಿಸದಿದ್ದರೆ ನಷ್ಟ ಪುರಾತತ್ವಕ್ಕಲ್ಲ, ನಮಗೆ. ಒಮ್ಮೆ ಅರಿವಿಲ್ಲದೆ ಆ ಕಲ್ಲಿಗೆ ತೂತು ಕೊರೆದೆವು. ಅರಿತವರ ಮೌನ ಕೊರೆಯುವ ತೂತು ಅದಕ್ಕಿಂತ ದೊಡ್ಡದು.