ಪಿನ್‌ಕೋಡಿನೊಳಗಿನ ಅವಿಭಾಜ್ಯ

ಮೂಡಲಪಾಳ್ಯ, ನಾಗರಬಾವಿ ಕಡೆಯ ವಿಳಾಸಗಳ ಕೊನೆಯಲ್ಲಿ ಬರುವ 560072 ಎಂಬ ಪಿನ್‌ಕೋಡ್ ಸಮಸಂಖ್ಯೆಯಾದ್ದರಿಂದ ಅದು ಅವಿಭಾಜ್ಯವಲ್ಲವೆಂಬುದು ನೋಡಿದೊಡನೆ ತಿಳಿಯುತ್ತದೆ. ಆದರೆ ಅದನ್ನು ಎರಡರಿಂದ ಮೂರು ಬಾರಿ ಭಾಗಿಸಿದಾಗ ದೊರೆಯುವ 70009 ಮಾತ್ರ ಒಂದು ಮತ್ತು ತನ್ನನ್ನು ಬಿಟ್ಟು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, ಎಂದರೆ ಅವಿಭಾಜ್ಯವಾದ, ಸಂಖ್ಯೆ. 2024ರ ಅಕ್ಟೋಬರಿನಲ್ಲಿ ಪತ್ತೆಯಾದ ಅವಿಭಾಜ್ಯಕ್ಕೆ 4,10,24,320 ಅಂಕಿಗಳಿದ್ದು, ಅದರ ಮುಂದೆ ಈ ಐದಂಕಿಯದು ಲೆಕ್ಕಕ್ಕೇ ಬಾರದು. ಆದರೂ ಕಂಪ್ಯೂಟರಿನ ಮಾತು ನಂಬಿ ಒಪ್ಪಬೇಕಾದ ದೈತ್ಯಸಂಖ್ಯೆಗಿಂತ ಕಾಗದದ ಮೇಲೆ ಪರೀಕ್ಷಿಸಬಲ್ಲ ಸಂಖ್ಯೆಯೇ ಗಣಿತದ ರುಚಿ ಹತ್ತಿದವರಿಗೆ ಹೆಚ್ಚು ಹಿತ.

ಯಾವುದೇ ಸಂಖ್ಯೆಯನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬಿಡಿಸಿದರೆ ಅವುಗಳಲ್ಲಿ ಒಂದಾದರೂ ಮೂಲಸಂಖ್ಯೆಯ ವರ್ಗಮೂಲವನ್ನು ಮೀರುವುದಿಲ್ಲ. 70009ರ ವರ್ಗಮೂಲ 264ಕ್ಕೂ 265ಕ್ಕೂ ನಡುವೆ ಇರುವುದರಿಂದ, 2ರಿಂದ 263ರವರೆಗಿನ 56 ಅವಿಭಾಜ್ಯಗಳಿಂದ ಭಾಗಿಸಿ, ಪ್ರತಿ ಸಲವೂ ಶೇಷ ಉಳಿಯುವುದನ್ನು ಕಂಡರೆ ಸಾಕು. ಈ ಪರೀಕ್ಷೆಯಲ್ಲಿ 7, 73, 137 ಮೂರೂ ಎರಡನ್ನೇ ಶೇಷವಾಗಿ ಉಳಿಸುತ್ತವೆ. ಕಾರಣ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ 70007 ಎಂಬ ಸೊಗಸಾದ ಸಂಖ್ಯೆ 7 × 73 × 137 ಎಂದು ಒಡೆದುಹೋಗುತ್ತದೆ.

ನಾಲ್ಕರಿಂದ ಭಾಗಿಸಿದಾಗ ಒಂದು ಶೇಷ ಉಳಿಸುವ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದೆಂದು 17ನೆಯ ಶತಮಾನದಲ್ಲಿ ಫರ್ಮಾ ಹೇಳಿದ್ದನ್ನು ಮುಂದಿನ ಶತಮಾನದಲ್ಲಿ ಆಯ್ಲರ್ ಸಾಧಿಸಿ ತೋರಿಸಿದ. 70009 ಈ ಗುಂಪಿನದೇ: 147ರ ವರ್ಗವಾದ 21609ಕ್ಕೆ 220ರ ವರ್ಗವಾದ 48400ನ್ನು ಕೂಡಿಸಿದರೆ ಅದು ಬರುತ್ತದೆ. ಇಲ್ಲಿಂದ ಮುಂದಿನ ಹೆಜ್ಜೆಯನ್ನು ಕನ್ನಡ ನಾಡಿನಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಎಂದೋ ತೋರಿಸಿಕೊಟ್ಟಿದ್ದಾನೆ. ಬೀಜಗಳೆಂದು ಕರೆಯುವ ಎರಡು ಸಂಖ್ಯೆಗಳ ವರ್ಗಗಳ ವ್ಯತ್ಯಾಸವನ್ನು ಕೋಟಿಯಾಗಿ, ಗುಣಲಬ್ಧದ ಇಮ್ಮಡಿಯನ್ನು ಭುಜವಾಗಿ, ವರ್ಗಗಳ ಮೊತ್ತವನ್ನು ಕರ್ಣವಾಗಿ ಇಟ್ಟುಕೊಂಡರೆ ಒಂದು ಆಯತ ಹುಟ್ಟುತ್ತದೆ. ಹೀಗೆ ಹುಟ್ಟಿದ್ದಕ್ಕೆ ಜನ್ಯವೆಂದು ಹೆಸರು. 220, 147 ಎಂಬ ಬೀಜಗಳಿಂದ ಕೋಟಿ 26791, ಭುಜ 64680, ಕರ್ಣ 70009 ದೊರೆಯುತ್ತವೆ, ಮತ್ತು ಕರ್ಣ ಅವಿಭಾಜ್ಯವಾದ್ದರಿಂದ ಪೂರ್ಣಾಂಕಗಳಲ್ಲಿ ಅದೇ ಕರ್ಣವುಳ್ಳ ಬೇರೊಂದು ಆಯತ ಸಿಗುವುದೇ ಇಲ್ಲ.

560072ರ ವರ್ಗಮೂಲ ಸುಮಾರು 748 ಮಾತ್ರವಿರುವಾಗ ಅದಕ್ಕೆ 70009ರಷ್ಟು ದೊಡ್ಡ ಅವಿಭಾಜ್ಯ ಅಪವರ್ತನ ದೊರೆತದ್ದು ಅಂಚೆ ಇಲಾಖೆ ಬಯಸದೆ ಬಂದ ಭಾಗ್ಯವೇ ಸರಿ. ಆದರೆ ಒಂದು ಸಂಖ್ಯೆಯಿಂದ ಹೊರಟು ಅದರ ವರ್ಗಮೂಲದಷ್ಟು ದೂರ ಸಾಗುವುದರೊಳಗೆ ದೊಡ್ಡ ಅವಿಭಾಜ್ಯ ಅಪವರ್ತನವುಳ್ಳ ಸಂಖ್ಯೆಯೊಂದು ಸಿಕ್ಕೇ ಸಿಗುತ್ತದೆಂಬುದು ಭಾಗ್ಯದ ಮಾತಲ್ಲ. ಮಂಡ್ಯದಲ್ಲಿ 1933ರಲ್ಲಿ ಹುಟ್ಟಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಕೆ. ರಾಮಚಂದ್ರ ಅವರು, ಸಾಕಷ್ಟು ದೊಡ್ಡ ಸಂಖ್ಯೆಗಳ ಮಟ್ಟಿಗೆ, ಅಂಥ ಅಪವರ್ತನವು ಹೊರಟ ಸಂಖ್ಯೆಯ 15/26ನೆಯ ಘಾತವನ್ನು ಮೀರಿರುತ್ತದೆಂದು 1969ರಲ್ಲಿ ಸಾಧಿಸಿದರು. ವರ್ಗಮೂಲವೆಂದರೆ 1/2ನೆಯ ಘಾತವಾದ್ದರಿಂದ ಈ ಮಿತಿ ಅದಕ್ಕಿಂತ ಮೇಲಿನದು. ಮರುವರ್ಷ ಅವರೇ ಅದನ್ನು 5/8ಕ್ಕೆ ಏರಿಸಿದರು. ಮೂಡಲಪಾಳ್ಯದ ಪಿನ್‌ಕೋಡಿನ ಅಳತೆಯಲ್ಲಿ ಹೇಳುವುದಾದರೆ ಮೊದಲ ಘಾತ ಸುಮಾರು 2070, ಎರಡನೆಯದು ಸುಮಾರು 3900.